ಬಾಗಿಲಿಗೆ ಮೂರು ಲೋಟ

"ಈ ಸಲ ಸಾಯೋಳು ಒಬ್ಬ ಹೆಂಗಸು," ಅಂದ ಕಾದಂಬರಿಕಾರ. "ದಿನಾ ಮಲಗೋ ಮುಂಚೆ ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಅದರ ಮೇಲೆ ಮೂರು ಸ್ಟೀಲ್ ಲೋಟ ಪೇರಿಸಿಡ್ತಾಳೆ. ಯಾರಾದ್ರೂ ಬಾಗಿಲು ತಳ್ಳಿದ್ರೆ ಲೋಟ ಉರುಳಿ ಸದ್ದಾಗಲಿ ಅಂತ."

ಎದುರು ಕೂತಿದ್ದವಳ ಕೈಯಲ್ಲಿದ್ದ ನೀರಿನ ಬಾಟಲಿ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ಕುರ್ಚಿ... ಮೂರು ಲೋಟ... ಇದು ಇವರಿಗೆ ಹೇಗೆ ಗೊತ್ತು?

ಪುಸ್ತಕಗಳನ್ನು ಕಿವಿಯಲ್ಲಿ ಕೇಳುವ ಜನರಿಗಾಗಿ ಈ ಸ್ಟುಡಿಯೋದಲ್ಲಿ ಕೂತು ಓದಿ ರೆಕಾರ್ಡ್ ಮಾಡುವುದು ಅವಳ ಕೆಲಸ. ಈ ಕಾದಂಬರಿಕಾರನ ಕೊಲೆ ಕಥೆಗಳಿಗೆಲ್ಲ ಅವಳದೇ ದನಿ. ಆದರೆ ಮುಖ ನೋಡಿದ್ದು ಇವತ್ತೇ. ಹೊಸ ಕಾದಂಬರಿಯ ಬಗ್ಗೆ ಎದುರು ಕೂತು ಮಾತಾಡಬೇಕು ಅಂತ ತಾನಾಗಿಯೇ ಬಂದಿದ್ದ.

"ಹೋದ ಪುಸ್ತಕದಲ್ಲಿ ಇವಳ ಬಾಯಲ್ಲಿ ಒಂಬತ್ತು ಜನರನ್ನ ಕೊಲ್ಲಿಸಿದ್ರಿ, ಸರ್." ರೆಕಾರ್ಡಿಂಗ್ ನೋಡಿಕೊಳ್ಳುವ ಸೌಂಡಣ್ಣ ವೈರು ಬಿಡಿಸುತ್ತಾ ನಕ್ಕ. "ಗಂಟಲು ಕಟ್ಟಿ ವಾರ ರಜಾ ಹಾಕಿದ್ಲು. ಈ ಸಲ ಒಬ್ಬಳೇನಾ? ಧಾರಾಳ ಬಿಡಿ. ಹಾಳೆ ಎಲ್ಲಾ ಒಳಗಡೆ ಸ್ಟ್ಯಾಂಡ್ ಮೇಲಿಟ್ಟಿದ್ದೀನಮ್ಮಾ. ಕಾಫಿ ತಂದೆ, ಇರಿ."

ಹೋಗಬೇಡ ಅಣ್ಣಾ... ಅನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಈಗ ಅವರಿಬ್ಬರೇ.

"ಕೊಲೆಗಾರ... ಯಾರು?"

"ಅದೇ ಗೊತ್ತಾಗ್ತಿಲ್ಲ, ಮೇಡಂ. ಅದಕ್ಕೇ ನಿಮ್ಮನ್ನ ನೋಡಬೇಕು ಅನ್ನಿಸ್ತು." ಅವನು ತುಸು ಮುಂದೆ ಬಾಗಿದ. "ರಾತ್ರಿ ಮೆಟ್ಟಿಲು ಹತ್ತಿ ಬರೋನು ಯಾರಿರಬಹುದು?"

ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು.

ವಿಚ್ಛೇದನ ಮುಗಿದ ದಿನ ಅವಳ ಗಂಡನಾಗಿದ್ದವನು ಮನೆಯ ಮೆಟ್ಟಿಲ ಮೇಲೇ ನಿಂತು ಹೇಳಿ ಹೋಗಿದ್ದ. 'ಒಂದಿನ ಬರ್ತೀನಿ. ಬಂದಿದ್ದು ನಿನಗೆ ಗೊತ್ತೂ ಆಗಲ್ಲ.' ಲೋಟಗಳು ಬಾಗಿಲಿಗೆ ಬಂದಿದ್ದು ಅಂದಿನಿಂದ. ವಿಷಯ ಗೊತ್ತಿದ್ದದ್ದು ಅವಳಿಗೆ, ಜೊತೆಗಿರುವ ಚಿಕ್ಕಮ್ಮನಿಗೆ. ಇನ್ನು ಯಾರಿಗೂ ಇಲ್ಲ.

ಇವನನ್ನ ಅವನೇ ಕಳಿಸಿದ್ದರೆ?

ಮುಂದಿನದು ಅವಳ ಕಾಲುಗಳೇ ಮಾಡಿದ ಕೆಲಸ. ದಡಕ್ಕನೆ ಎದ್ದು, ಗಾಜಿನ ಕಿಟಕಿಯ ಓದುವ ಕೋಣೆಗೆ ನುಗ್ಗಿ, ದಪ್ಪ ಬಾಗಿಲೆಳೆದು ಒಳಗಿನ ಚಿಲಕ ಹಾಕಿಬಿಟ್ಟಳು.

ಹೊರಗಿನ ಯಾವ ಸದ್ದೂ ಬಾರದ ಈ ಪುಟ್ಟ ಕೋಣೆಯಲ್ಲಿ ಮಾತ್ರ ಅವಳಿಗೆ ನೆಮ್ಮದಿ. ಆದರೆ ಇಲ್ಲಿಂದ ಕೂಗಿಕೊಂಡರೂ ಯಾರಿಗೂ ಕೇಳದು ಅನ್ನುವುದು ಹೊಳೆದದ್ದು ಇವತ್ತೇ. ಫೋನು ಹೊರಗೆ ಮೇಜಿನ ಮೇಲೇ ಉಳಿದಿತ್ತು.

ಅವನು ಗಾಜಿನ ಹತ್ತಿರ ಬಂದ. ತುಟಿ ಅಲ್ಲಾಡುತ್ತಿತ್ತು, ಮಾತಿಲ್ಲ. ಕೈ ಎತ್ತಿದ...

ಅವಳು ಗೋಡೆಗೆ ಅಂಟಿಕೊಂಡು ಕಣ್ಣು ಮುಚ್ಚಿದಳು. ಎದೆಬಡಿತ ಮಾತ್ರ ಕಿವಿ ತುಂಬಿತ್ತು.

ಕಣ್ಣು ಬಿಟ್ಟಾಗ ಅವನು ಗಾಜಿನ ಬಳಿ ಇರಲಿಲ್ಲ. ದೂರದಲ್ಲಿ ಸೌಂಡಣ್ಣನ ಕುರ್ಚಿಯಲ್ಲಿ ಕೂತು, ಅಲ್ಲಿನ ಮೈಕಿಗೆ ಏನೋ ಹೇಳುತ್ತಿದ್ದ. ಸ್ಟ್ಯಾಂಡಿಗೆ ನೇತುಹಾಕಿದ್ದ ಹೆಡ್‌ಫೋನು ಗುಂಯ್‌ಗುಡುತ್ತಿತ್ತು. ಅದನ್ನು ಮುಟ್ಟಲು ಅವಳಿಗೆ ಧೈರ್ಯ ಬರಲಿಲ್ಲ. ಕಣ್ಣು ಮಾತ್ರ ಎದುರಿಗಿದ್ದ ಹಾಳೆಯ ಮೇಲೆ ಬಿತ್ತು. ಕೈಬರಹ.

'ಹಠ ಮಾಡ್ಬೇಡ ಪುಟ್ಟಿ, ಊಟ ಮಾಡು. ಇಲ್ಲಾಂದ್ರೆ ಚಾಕಲೇಟ್ ಇಲ್ಲ, ಎಂದಳು ಆಕೆ.'

ಅಯ್ಯೋ... ಇದೂ ತನ್ನದೇ ಮಾತು.

'ಆರು ವರ್ಷದ ಪುಟ್ಟಿ ಎರಡು ಜಡೆ ಕುಣಿಸುತ್ತಾ ಅಮ್ಮನ ಕೊರಳಿಗೆ ಜೋತುಬಿದ್ದಳು. ನಕ್ಕಾಗ ಬಿದ್ದ ಹಲ್ಲಿನ ಸಂದಿ ಕಾಣುತ್ತಿತ್ತು.'

ಅವಳು ಆ ಸಾಲನ್ನು ಮತ್ತೆ ಓದಿದಳು. ಎರಡು ಜಡೆ? ಅಮ್ಮ? ಒಂದು ಸಲ ಮನೆಯೊಳಗೆ ಇಣುಕಿದವನೂ ಹೀಗೆ ಬರೆಯಲಾರ.

ಹೆಡ್‌ಫೋನ್ ಹಾಕಿಕೊಂಡು ಎದುರಿನ ಮೈಕಿಗೆ ಬಾಗಿದಳು.

"ಈ ಪುಟ್ಟಿ ಯಾರು?"

"ನಿಮ್ಮ ಮಗಳಲ್ವಾ?" ಅವನ ದನಿ ಅವಳ ಕಿವಿಯೊಳಗೇ ಕೂತು ಮಾತಾಡಿದಂತಿತ್ತು. "ನಾನು ನೋಡಿಲ್ಲ ಮೇಡಂ. ನಿಮ್ಮನೆ ಯಾವ ಬೀದೀಲಿದೆ ಅಂತಲೂ ಗೊತ್ತಿಲ್ಲ. ಕತ್ತರಿಸೋ ಮುಂಚಿನ ರೆಕಾರ್ಡಿಂಗ್ ಪೂರ್ತಿ ನನಗೆ ಕಳಿಸ್ತಾರೆ, ತಪ್ಪಿದ್ರೆ ಹೇಳಲಿ ಅಂತ. ಅಧ್ಯಾಯದ ನಡುವೆ ನೀವು ಮನೆಗೆ ಫೋನ್ ಮಾಡ್ತೀರಿ... ಮೈಕ್ ಆನ್ ಇರುತ್ತೆ."

ಹೌದು. ತಡವಾಗುವ ದಿನಗಳಲ್ಲಿ ಅವಳೇ ಫೋನಿನಲ್ಲಿ ಹೇಳಿಕೊಡುತ್ತಿದ್ದಳು, ಕುರ್ಚಿ ಹೇಗಿಡಬೇಕು, ಲೋಟ ಎಷ್ಟಿಡಬೇಕು ಅಂತ.

ಸ್ಟೂಲಿನ ಮೇಲೆ ಕುಸಿದಳು.

"ಪುಟ್ಟಿಗೆ ಎಪ್ಪತ್ತೆರಡು ವರ್ಷ," ಅಂದಳು. "ನನ್ನ ಚಿಕ್ಕಮ್ಮ. ಸಕ್ಕರೆ ಕಾಯಿಲೆ ಇದ್ರೂ ಚಾಕಲೇಟ್ ಕದ್ದು ತಿಂತಾಳೆ."

"ಹಲ್ಲು ಬಿದ್ದಿದೆ ಅಂತಿದ್ರಲ್ಲ..."

"ಎಲ್ಲಾ ಬಿದ್ದಿದೆ. ಸೆಟ್ ಕಟ್ಟಿಸಿದ್ದೀನಿ, ಹಾಕ್ಕೊಳಲ್ಲ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳಿಗೆ ನಗು ಒತ್ತರಿಸಿ ಬಂತು. ಬಂದಷ್ಟೇ ಬೇಗ ಕಣ್ಣೀರೂ ಬಂತು.

"ನಕ್ಕೆ ಅಂತ ಕ್ಷಮಿಸಿದೆ ಅಂದ್ಕೋಬೇಡಿ. ಬಿಟ್ಟ ಗಂಡನ ಕಾಟಕ್ಕೆ ನಂಗಿರೋದು ಆ ಮೂರು ಲೋಟ. ಅದನ್ನೂ ಊರಿಗೆಲ್ಲ ಓದಿ ಹೇಳು ಅಂತ ನನ್ನ ಕೈಗೇ ಕೊಟ್ಟಿದ್ದೀರಲ್ಲ... ಅವನೂ ಕೇಳಿಸಿಕೊಂಡ್ರೆ?"

ಅವನ ಮುಖ ಬಿಳಿಚಿಕೊಂಡಿತು.

"ಅದನ್ನ ಯೋಚನೆ ಮಾಡಲೇ ಇಲ್ಲ. ತಪ್ಪಾಯ್ತು. ಬೇರೆ ಪ್ರತಿ ಇಲ್ಲ, ಇನ್ನೂ ಯಾರೂ ಓದಿಲ್ಲ. ಹರಿದುಹಾಕಿ."

"ಎಷ್ಟು ದಿನದ ಕೆಲಸ ಇದು?"

"ಹರೀರಿ ಮೇಡಂ."

"ಯಾಕೆ ಬರೆದ್ರಿ ಹಾಗಾದ್ರೆ?"

"ಲೋಟದ ಮಾತು ಕೇಳಿದಾಗಿನಿಂದ ನಂಗೂ ನಿದ್ದೆ ಇಲ್ಲ. ಯಾರಿಗೆ ಇಷ್ಟು ಹೆದರ್ತಾರೆ ಅಂತ ಕೇಳೋಣ ಅಂದ್ರೆ... ಮಗು ಇದೆ, ಸಂಸಾರ ಇದೆ, ನಾನ್ಯಾರು ಕೇಳೋಕೆ? ಬರೀತಾ ಹೋದ್ರೆ ಬಾಗಿಲ ಆಚೆ ಇರೋನು ಸಿಗ್ತಾನೆ ಅಂದ್ಕೊಂಡೆ. ಕೊನೇ ಅಧ್ಯಾಯದಲ್ಲಿ ಅವಳನ್ನ ಕೊಲ್ಲೋಕೆ ಕೈ ಬರಲಿಲ್ಲ."

"ಅಷ್ಟೊಂದು ಜನರನ್ನ ಕೊಂದೋರಿಗೆ?"

"ಅವರ್ಯಾರ ದನೀನೂ ನಂಗೆ ಗೊತ್ತಿರಲಿಲ್ಲ."

ಅವಳು ಅವನನ್ನೇ ನೋಡಿದಳು. ಗಾಜಿನ ಆಚೆಗೂ ಒಬ್ಬರು ಹೆದರಿ ಕೂತಿದ್ದರು.

ಹಾಳೆಗಳನ್ನು ಹರಿದಳು. ಮೈಕಿನ ಮುಂದೆ ಆ ಸದ್ದು ಜೋರಾಗಿಯೇ ಬಿದ್ದಿರಬೇಕು, ಅವನು ಒಮ್ಮೆ ಕಣ್ಣು ಮುಚ್ಚಿದ. ತಡೆಯಲಿಲ್ಲ.

ಚಿಲಕ ತೆಗೆದು ಹೊರಬಂದಳು. ಅವನು ಕೂತಲ್ಲಿಂದ ಅಲುಗಲಿಲ್ಲ.

"ಏಳಲ್ವಾ?"

"ಎದ್ರೆ ಮತ್ತೆ ಹೆದರ್ತೀರೇನೋ ಅಂತ..."

ಅಷ್ಟರಲ್ಲಿ ಸೌಂಡಣ್ಣ ಕಾಫಿ ತಂದ. ನೆಲದ ಮೇಲಿನ ಚೂರುಗಳನ್ನು ನೋಡಿದ, ಇಬ್ಬರನ್ನೂ ನೋಡಿದ. "ಒಂದು ಕಾಫಿ ತರೋದ್ರೊಳಗೆ ಪುಸ್ತಕಾನೇ ಮುಗಿಸಿಬಿಟ್ರಾ?"

"ಇವತ್ತು ಓದೋಕಾಗಲ್ಲ ಅಣ್ಣಾ. ಮನೆಗೆ ಹೋಗ್ತೀನಿ," ಅಂದಳು. ಆಮೇಲೆ, ಯಾರ ಕಡೆಗೂ ನೋಡದೆ, "ಒಬ್ಬಳೇ ಹೋಗೋಕೆ ಭಯ," ಅಂದಳು. ಈ ಮಾತನ್ನು ಅವಳು ಇದುವರೆಗೂ ಯಾರೊಂದಿಗೂ ಆಡಿರಲಿಲ್ಲ.

ಕಾದಂಬರಿಕಾರ ನಿಧಾನವಾಗಿ ಎದ್ದು ನಿಂತ.

ಬೀದಿಯಲ್ಲಿ ಸಂಜೆಯ ಜನ, ಮುಚ್ಚುತ್ತಿರುವ ಅಂಗಡಿಗಳು. ಹಿಂದೆ ಹೆಜ್ಜೆ ಸದ್ದಾದಾಗೆಲ್ಲ ಅವಳ ಕುತ್ತಿಗೆ ತಿರುಗುತ್ತಿತ್ತು.

"ಏನಾದ್ರೂ ಮಾತಾಡ್ತಾ ಬನ್ನಿ," ಅಂದಳು. "ಕೊಲೆ ಒಂದು ಬಿಟ್ಟು."

ಅವನು ತುಂಬಾ ಹೊತ್ತು ಯೋಚಿಸಿದ. "ನಂಗೆ ಅಡುಗೆ ಬರಲ್ಲ. ರಕ್ತ ಕಂಡ್ರೆ ತಲೆ ಸುತ್ತುತ್ತೆ."

"ಹ್ಞೂಂ..."

"ಕತ್ತಲಂದ್ರೂ ಅಷ್ಟಕ್ಕಷ್ಟೇ."

"ಮುಂದೆ?"

"ನೀವಂದ್ರೆ ತುಂಬಾ ಇಷ್ಟ."

ಅವಳು ಇಬ್ಬರ ನಡುವೆ ನೇತಾಡುತ್ತಿದ್ದ ಚೀಲವನ್ನು ಆಚೆ ಹೆಗಲಿಗೆ ಹಾಕಿಕೊಂಡಳು.

"ಸ್ವಲ್ಪ ನಿಧಾನಕ್ಕೆ ನಡೀರಿ," ಅಂದಳು. "ಹೀಗೆ ಹೋದ್ರೆ ಮನೆ ಬಂದೇಬಿಡುತ್ತೆ."