ಪಕ್ಕದ ಸೀಟಿನ ಹೆಸರು

ಕ್ಲಬ್ಬಿನ ಪುಟ್ಟ ವಿಮಾನಕ್ಕೆ ಒಂದು ಗಂಟೆಯ ಬಾಡಿಗೆ ಎಂದರೆ ನನ್ನ ಅರ್ಧ ತಿಂಗಳ ಸಂಬಳ. ಹೊರಗೆ ನೋಡದೆ, ಎದುರಿನ ಮೀಟರುಗಳನ್ನಷ್ಟೇ ನಂಬಿ ಹಾರಿದ ಗಂಟೆಗಳನ್ನು ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಆಗ ಪಕ್ಕದಲ್ಲಿ ಕೂತು ಹೊರಗೆ ಕಣ್ಣಿಟ್ಟಿದ್ದ ಪೈಲಟ್‌ನ ಹೆಸರೂ ಬೇಕು. ನನಗೆ ಇನ್ನೊಂದೇ ಗಂಟೆ ಬಾಕಿ ಇತ್ತು, ಮರುದಿನ ಪರೀಕ್ಷೆ.

ಅಕ್ಕನ ಗಂಡನೂ ಪೈಲಟ್ಟೇ, ಬರುತ್ತೇನೆಂದಿದ್ದರು. ಒಂದು ನಿಮಿಷವೂ ದಂಡವಾಗಬಾರದೆಂದು ನಾನು ನೆಲದ ಮೇಲಿರುವಾಗಲೇ ಹೊರಗೂ ಪಕ್ಕಕ್ಕೂ ಕಾಣದಂತೆ ಹಣೆಗೆ ಮರೆ ಕಟ್ಟಿಕೊಂಡು, ಮೀಟರುಗಳನ್ನೇ ನೋಡುತ್ತ ಕೂತೆ. ಪಕ್ಕದ ಬಾಗಿಲು ಮುಚ್ಚಿದ ಸದ್ದಾಯಿತು.

"ಏರಿಸೋದು, ಇಳಿಸೋದು ನಿಮ್ಮ ಕೆಲಸ ಭಾವ," ಎಂದೆ. ವಿಮಾನ ಏರಿತು.

ಉರಿಬಿಸಿಲಿನಲ್ಲೂ ಪಕ್ಕದ ಸೀಟಿನ ಕಡೆಯ ನನ್ನ ತೋಳು ಚಳಿಗೆ ಮರಗಟ್ಟುತ್ತಿತ್ತು. ವಿಮಾನ ತಿರುಗಿಸಿದಾಗಲೆಲ್ಲ ಕಿವಿಯಲ್ಲಿ "ಸಾಕು" ಎಂಬ ಒಂದೇ ಮಾತು. ಸದಾ ವಟಗುಟ್ಟುವ ಭಾವನಿಗೆ ಇವತ್ತೇನಾಗಿದೆ ಎಂದುಕೊಂಡೆ. ಚಕ್ರ ನೆಲ ಮುಟ್ಟಿದ್ದೇ ಗೊತ್ತಾಗಲಿಲ್ಲ.

ಎಂಜಿನ್ ನಿಂತಾಗ ಮರೆ ತೆಗೆದೆ. ಪಕ್ಕದ ಸೀಟು ಖಾಲಿ; ಬೆಲ್ಟು ಹಾಕಿದ ಹಾಗೆಯೇ ಇತ್ತು.

ಭಾವ ಗೇಟಿನಿಂದ ಏದುಸಿರು ಬಿಡುತ್ತ ಓಡಿ ಬಂದರು. "ಕಾರು ಕೈಕೊಟ್ಟಿತು ಕಣೋ. ಸ್ವಲ್ಪ ಕಾಯೋಕಾಗಲಿಲ್ವಾ? ಯಾರನ್ನ ಕರ್ಕೊಂಡು ಹೋಗಿದ್ದೆ?"

"ನಿಮ್ಮನ್ನೇ!"

"ನನ್ನ ತಲೆ!"

ಕ್ಲಬ್ಬಿನ ಬೋಧಕರು ಲಾಗ್‌ಬುಕ್ ವಾಪಸ್ ತಳ್ಳಿದರು. "ಪಕ್ಕದಲ್ಲಿದ್ದವರ ಹೆಸರು ಹೇಳಿ, ಸಹಿ ಹಾಕ್ತೀನಿ."

"ಗೊತ್ತಿಲ್ಲ ಸಾರ್. ಆದ್ರೆ ಹಾರಿದ್ದು ನಿಜ."

"ಹೆಸರಿಲ್ದೆ ಈ ಗಂಟೆ ಲೆಕ್ಕಕ್ಕಿಲ್ಲ." ಎಷ್ಟು ಅಂಗಲಾಚಿದರೂ ಅದೇ ಮಾತು.

ಬಾಡಿಗೆ ಪೂರ್ತಿ ಕಟ್ಟಿದೆ. ಗಂಟೆ ಸಿಗಲಿಲ್ಲ, ಪರೀಕ್ಷೆಯೂ ತಪ್ಪಿತು. ಆದರೆ ಆ ವಿಮಾನವನ್ನು ಇಳಿಸಿದ್ದು ನಾನಲ್ಲ.