ಒಡೆಯದ ಗಾಜು

ಜೂನ್ ಹತ್ತರ ಬೆಳಗ್ಗೆ ಒಂಬತ್ತಕ್ಕೆ ಕಲ್ಲಿದ್ದಲು ಗಣಿಯ ಮೇಲಿನ ಕೇರಿ ಕೇಂದುಬಸ್ತಿಯ ಸೀತನ್ ಭುಯಾನ್ ಝರಿಯಾ ಹತ್ತಿರದ ಠಾಣೆಗೆ ಬಂದು ದೂರು ಕೊಟ್ಟ. ಬೆಳಗಿನ ಜಾವ ಗಲ್ಲಿಯ ಗೋಡೆ ಮನೆ ಮೇಲೆ ಕುಸಿದು ಅವನ ಹೆಂಡತಿಯ ಸೊಂಟ ಮುರಿದಿತ್ತು.

"ಗೋಡೆ ಬಿರುಕಿಗೆ ಗಣಿಯವ್ರು ಗಾಜಿನ ಪಟ್ಟಿ ಅಂಟ್ಸಿದ್ರು ಬಾಬು. ನೆಲ ಕುಸಿದ್ರೆ ಗಾಜು ಒಡೀತದೆ, ಆಗ ಮನೆ ಬಿಡಿ ಅಂದಿದ್ರು. ನಿನ್ನೆ ಸಂಜೆನೂ ಗಾಜು ನೆಟ್ಟಗಿತ್ತು. ಅದನ್ನ ನಂಬ್ಕೊಂಡೇ ಮಲಗಿದ್ವಿ."

ಠಾಣೆಯ ಅಧಿಕಾರಿ, ದಾರೋಗಾ ನಿರಲ್ ಕೆರ್ಕೆಟ್ಟಾ ಎಫ್‌ಐಆರ್ ದಾಖಲಿಸಿಕೊಂಡು, ಕಾನ್‌ಸ್ಟೆಬಲ್ ಲಗನ್ ಪಾಸ್ವಾನ್ ಜೊತೆ ಸ್ಥಳಕ್ಕೆ ಹೋದರು. ಗಣಿಯ ಸರ್ವೇಯರ್ ತಪನ್ ಲಾಹಿರಿ ಅಲ್ಲೇ ಇದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವಂತೆ, ಕೇಳುವ ಮೊದಲೇ ಶುರುಮಾಡಿದ.

"ವಾರವಾರ ನೋಡ್ತಿದ್ದೆ ಸಾರ್. ಗಾಜು ಸರಿಯಾಗೇ ಇತ್ತು."

"ಹತ್ರ ಹೋಗಿ ನೋಡಿದ್ರಾ, ಜೀಪಲ್ಲಿ ಕೂತೇ ನೋಡಿದ್ರಾ?"

ಲಾಹಿರಿ ತಲೆ ತಗ್ಗಿಸಿದ. ಅದನ್ನೂ ಹೇಳಿಕೆಯಲ್ಲಿ ಬರೆಸಿದರು.

ಪಂಚನಾಮೆ ನಡೆಯುವಾಗ ಪಾಸ್ವಾನ್ ಇಟ್ಟಿಗೆಗಳ ನಡುವಿನಿಂದ ಗಾಜಿನ ಪಟ್ಟಿ ತೆಗೆದ. ಅಂಚು ಅಂಕುಡೊಂಕು. ಅಂಟಿಸಿದ್ದು ಗಣಿಯವರಂತೆ ಸಿಮೆಂಟಿನಿಂದಲ್ಲ, ಹೊಟ್ಟು ಕಲಸಿದ ಮಣ್ಣಿನಿಂದ.

"ಒಲೆ ಬಳಿಯೋ ಮಣ್ಣು ಸಾರ್. ನಮ್ಮನೇಲೂ ಇದೇ."

"ಹಾಗಾದ್ರೆ ನಿನ್ನನ್ನೇ ಒಳಗೆ ಹಾಕ್ಲಾ?"

ಅಂದರೆ ಗಣಿಯವರ ಗಾಜು ಒಡೆದ ಮೇಲೆ ಯಾರೋ ಬೇರೆಯದನ್ನು ಅಂಟಿಸಿದ್ದರು. ಆ ಪಟ್ಟಿ ಇದ್ದದ್ದು ಮುದುಕಿ ಸುಗನಿ ಬಾವುರಿಯ ಬಾಗಿಲೆದುರು. ಅವಳ ಗಂಡ ಇದೇ ನೆಲದ ಕೆಳಗಿನ ಗಣಿಯಲ್ಲಿ ಚಾವಣಿ ಬಿದ್ದು ಸತ್ತವನು. ಹೆಣ ಮೇಲೆ ಬರಲೇ ಇಲ್ಲ. ಒಳಗೆ ಅವನ ಪಟಕ್ಕೆ ಚೌಕಟ್ಟಿತ್ತು, ಹಾರವಿತ್ತು, ಗಾಜಿರಲಿಲ್ಲ.

"ಚಾಚಿ, ಪಟದ ಗಾಜೆಲ್ಲಿ?"

"ಒಡೀತು."

"ಪಟ ಬಿತ್ತಾ?"

ಮುದುಕಿ ಒಲೆಯನ್ನೇ ನೋಡುತ್ತ ಕೂತಳು. "ಬೀಳ್ಲಿಲ್ಲ ಬಾಬು. ನಾನೇ ತೆಗ್ದೆ. ಗಾಜು ಒಡೆದಿದ್ದು ಕಂಡ್ರೆ ನಮ್ಮನ್ನ ಹೊಸ ಕಾಲೋನಿಗೆ ಸಾಗಿಸ್ತಾರೆ. ನಮ್ಮನೆಯವ್ರು ಇಲ್ಲೇ ಕೆಳಗವ್ರೆ. ಅಮಾಸೆಗೆ ಅವ್ರಿಗೆ ನೀರು ಬಿಡೋರು ಯಾರು?"

"ಸೀತನ್ ಹೆಂಡ್ತಿ ನೆನಪಾಗ್ಲಿಲ್ವಾ?"

"ಅವ್ಳ ಬಾಣಂತನ ಮಾಡಿದ್ದೇ ನಾನು," ಎಂದಳು. ಆಮೇಲೆ ಅತ್ತಳು. ಕೆರ್ಕೆಟ್ಟಾಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅನ್ನುವುದು ಮಾತ್ರ ಅವರಿಗೇ ತಿಳಿಯಲಿಲ್ಲ.

ಮಧ್ಯಾಹ್ನ ಮಹಿಳಾ ಕಾನ್‌ಸ್ಟೆಬಲ್ ಬಂದ ಮೇಲೆ ಬಂಧನದ ಕಾಗದಕ್ಕೆ ಮುದುಕಿಯ ಹೆಬ್ಬೆಟ್ಟು ಒತ್ತಿಸಿದರು. ಜೀಪು ಹತ್ತುವ ಮುನ್ನ ಸುಗನಿ ಒಂದು ಲೋಟ ನೀರು ಕೇಳಿದಳು. ಕೇರಿಯಲ್ಲಿ ಯಾರೂ ಅಲುಗಲಿಲ್ಲ. ಕೊನೆಗೆ ಸೀತನ್ ತಾನೇ ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ತಂದುಕೊಟ್ಟ.

ಅವಳು ಕುಡಿಯಲಿಲ್ಲ. ನೆಲದ ಬಿರುಕಿಗೆ ಹೊಯ್ದು, ಕಿವಿಗೊಟ್ಟು ನಿಂತಳು. ನೀರು ಇಳಿದುಹೋಯಿತು. ತಳ ಮುಟ್ಟಿದ ಸದ್ದು ಬರಲಿಲ್ಲ.