ಇಪ್ಪತ್ತು ಸಾವಿರ ಗೋಡೆಗಳ ಮೇಲಿನ ಹೆಸರು

ಆರು ತಿಂಗಳ ಕಾಲ ನಾನು ಪದ್ಮಿನಿಯನ್ನು ಗಂಡಸು ಅಂದುಕೊಂಡೇ ಜಗಳ ಆಡಿದ್ದೆ.

ನಮ್ಮದೊಂದು ಟೆಲಿಗ್ರಾಂ ಗುಂಪು. ಮೈಸೂರು, ಚಾಮರಾಜನಗರ ಕಡೆಯ ಹದಿನಾಲ್ಕು ಜನ, ಬಿಟ್‌ಕಾಯಿನ್ ನೋಡ್ ಓಡಿಸುವವರು. ನೋಡ್ ಅಂದರೆ ಹೆದರಬೇಡಿ. ಯಾರು ಯಾರಿಗೆ ಎಷ್ಟು ಕಳಿಸಿದರು ಎಂದು ಬರೆದಿಟ್ಟ ಒಂದೇ ಪುಸ್ತಕದ ನಕಲನ್ನು ಲೋಕದ ತುಂಬ ಸಾವಿರಾರು ಜನ ತಂತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುತ್ತಾರೆ. ಹೊಸ ಸಾಲು ಬಂದರೆ ಒಬ್ಬರು ಇನ್ನೊಬ್ಬರಿಗೆ ದಾಟಿಸುತ್ತಾರೆ. ಅಷ್ಟೆ. ನನ್ನ ನಕಲು ಕೊಳ್ಳೇಗಾಲ ಬಸ್ ಸ್ಟ್ಯಾಂಡ್ ಎದುರಿನ ನನ್ನ ಮೊಬೈಲ್ ರಿಪೇರಿ ಅಂಗಡಿಯ ಅಟ್ಟದ ಮೇಲೆ, ಗಿರಾಕಿಯೊಬ್ಬರು ಬಿಟ್ಟುಹೋದ ಲ್ಯಾಪ್‌ಟಾಪಿನಲ್ಲಿ ಓಡುತ್ತಿತ್ತು.

ಜಗಳ ಶುರುವಾದದ್ದು ಹೀಗೆ. ಆ ಪುಸ್ತಕದಲ್ಲಿ ಹಣದ ಮಾತಲ್ಲದೆ ಬೇರೆಯದನ್ನೂ ತುರುಕಬಹುದು: ಚಿತ್ರ, ಜೋಕು, ಯಾರದೋ ಹುಟ್ಟುಹಬ್ಬದ ಶುಭಾಶಯ. ಅದಕ್ಕೆ ಮೊದಲು ಒಂದು ಮಿತಿ ಇತ್ತು. ಸಾಫ್ಟ್‌ವೇರ್ ನೋಡಿಕೊಳ್ಳುವವರು ಅದನ್ನು ಸಡಿಲ ಮಾಡಿದರು. ಲೋಕವೇ ಎರಡು ಪಾಲಾಯಿತು, ನಮ್ಮ ಹದಿನಾಲ್ಕು ಜನವೂ ಎರಡು ಪಾಲು. ಗುಂಪಿನಲ್ಲಿ ‘ಸತ್ತೇಗಾಲದ ಮಾದಸ್ವಾಮಿ’ ಎಂದಿದ್ದ ನಾನು ಫಿಲ್ಟರ್ ಪಾರ್ಟಿ. ಹಣಕ್ಕೆ ಸಂಬಂಧವಿಲ್ಲದ್ದು ಬಂದರೆ ನನ್ನ ನೋಡ್ ಅದನ್ನು ಮುಂದಕ್ಕೆ ದಾಟಿಸುತ್ತಿರಲಿಲ್ಲ.

‘ಬಿಳಿಗಿರಿ’ ಎಂದು ಹೆಸರಿಟ್ಟುಕೊಂಡವರು ಎದುರು ಪಾರ್ಟಿ.

“ಬಸ್ ಇರೋದು ಜನಕ್ಕೆ ಗುರುವೇ, ಸೌದೆ ಮೂಟೆಗಲ್ಲ” ಎಂದು ನಾನು ಬರೆದರೆ, “ಮೂಟೆಗೂ ಟಿಕೆಟ್ ತಗೊಂಡಿದ್ದೀನಲ್ಲ ಸ್ವಾಮಿ, ಗಂಟು ಬಿಚ್ಚಿ ನೋಡೋಕೆ ನೀವ್ಯಾರು?” ಎಂದು ಉತ್ತರ ಬರುತ್ತಿತ್ತು. ಸಿಟ್ಟು ಬರುತ್ತಿತ್ತು. ಆದರೆ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದೂ ಆ ಉತ್ತರವನ್ನೇ.

ಒಂದು ಶನಿವಾರ ಮಧ್ಯಾಹ್ನ ಹಸಿರು ಚೂಡಿದಾರದ ಹೆಂಗಸೊಬ್ಬರು ಒಂದು ಕಂಪ್ಯೂಟರನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಅಂಗಡಿಗೆ ಬಂದರು.

“ಫ್ಯಾನ್ ತಿರುಗ್ತಿಲ್ಲ. ಬೇಗ ಬೇಕು. ಇದರಲ್ಲಿ ಒಂದು ಕೆಲಸ ನಿಲ್ಲದಂಗೆ ನಡೀತಿರಬೇಕು.”

ಆನ್ ಮಾಡಿ ನೋಡಿದೆ. ನೋಡ್. ಮೂಲೆಯಲ್ಲಿ ಹೆಸರು: ಬಿಳಿಗಿರಿ.

ನನ್ನ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು. “ನೀವು... ಗುರುವೇ?”

ಅವರು ನನ್ನ ಮುಖ ನೋಡಿದರು, ಅಂಗಡಿಯ ಬೋರ್ಡಿನಲ್ಲಿದ್ದ ನನ್ನ ಹೆಸರು ನೋಡಿದರು, ಮತ್ತೆ ಮುಖ ನೋಡಿದರು. ನಗು ಮೊದಲು ಬಂದದ್ದು ಎಡಗಣ್ಣಿನ ತುದಿಗೆ. ಅಲ್ಲಿಂದ ಇಳಿದು ತುಟಿ ಮುಟ್ಟುವಷ್ಟರಲ್ಲಿ ನಾನು ಸೋತಿದ್ದೆ.

“ಸತ್ತೇಗಾಲದ ಮಾದಸ್ವಾಮಿ! ಅಯ್ಯೋ, ನಾನು ಬಿಳಿ ಮೀಸೆಯೋರು ಅಂದ್ಕಂಡಿದ್ದೆ ಕಣ್ರೀ. ಅಷ್ಟು ಬೈತೀರಲ್ಲ!”

“ಹೆಂಗಸರು ಅಂತ ಗೊತ್ತಿದ್ರೆ ಬೈತಿರಲಿಲ್ಲ.”

“ಅದಕ್ಕೇ ಹೇಳಿರ್ಲಿಲ್ಲ” ಎಂದರು. ಹೊರಡುವಾಗ ಬಾಗಿಲಲ್ಲಿ ತಿರುಗಿ, “ರಿಪೇರಿ ಮಾಡುವಾಗ ಒಳಗಿರೋದನ್ನ ಫಿಲ್ಟರ್ ಮಾಡ್ಬೇಡಿ ಮತ್ತೆ.”

ಪದ್ಮಿನಿ ಯಳಂದೂರಿನವಳು. ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳು. ಅವಳ ಫ್ಯಾನು ಒಂದೇ ದಿನದ ಕೆಲಸ. ನಾನು ಮೂರು ಶನಿವಾರ ಎಳೆದೆ. ಅದು ಸರಿಯಾದ ಮೇಲೂ ಅವಳು ಬರುತ್ತಲೇ ಇದ್ದಳು. ಒಮ್ಮೆ ಚಾರ್ಜರ್, ಒಮ್ಮೆ ಮೌಸ್, ಒಮ್ಮೆ ಏನೂ ಇಲ್ಲ.

ಪಕ್ಕದ ಟೀ ಅಂಗಡಿಯ ಕೆಂಪಾಜಮ್ಮ ಎರಡು ಲೋಟ ತಂದಿಡುತ್ತಾ, “ಏನಪ್ಪಾ, ಮೇಡಮ್ಮೋರ ಮಿಷನ್ನು ಇನ್ನೂ ವಾಸಿ ಆಗ್ನಿಲ್ವಾ? ಯಾವ ರೋಗ ಅದ್ಕೆ?” ಎನ್ನುತ್ತಿದ್ದಳು. ಪದ್ಮಿನಿ ಲೋಟದೊಳಗೆ ನಗುತ್ತಿದ್ದಳು. ಟೀ ಮೇಲೆ ಸಣ್ಣ ಅಲೆ ಏಳುತ್ತಿತ್ತು.

“ನಿಜ ಹೇಳಿ, ಆ ಕಸಕ್ಕೆಲ್ಲ ಯಾಕೆ ಜಾಗ ಕೊಡ್ಬೇಕು?” ಎಂದು ಕೇಳಿದ್ದೆ ಒಂದು ದಿನ.

“ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕು. ಕನ್ನಡದ್ದಕ್ಕೆ ಮೂರು. ಹಳೇ ಮಿತಿ ಎಂಬತ್ತು ಬೈಟ್. ಅವರು ಐ ಲವ್ ಯೂ ಅಂತ ಏಳು ಸಲ ಬರೆದ್ರೂ ಹಿಡಿಸ್ತಿತ್ತು. ನಾವು ಒಂದು ವಾಕ್ಯ ಮುಗಿಸೋ ಮುಂಚೆ ಬಾಗಿಲು ಹಾಕ್ತಿದ್ರು.” ಹೇಳಿ ಮುಗಿಸಿದ ಮೇಲೆ ಯಾವ ಉದಾಹರಣೆ ಕೊಟ್ಟೆ ಎಂದು ಅವಳಿಗೇ ಹೊಳೆದಿರಬೇಕು. ಕಿವಿಯ ತುದಿ ಕೆಂಪಾಯಿತು. ಲೋಟ ತಿರುಗಿಸುತ್ತಾ ಕುಳಿತಳು.

ಅದರ ಮುಂದಿನ ಶನಿವಾರ ಬಸ್ಸಿಗೆ ಹೊರಟವಳು ನಿಂತಳು. “ನಿಮಗೇನಾದ್ರೂ ಹೇಳೋದು ಇದ್ಯಾ?”

ಇತ್ತು. ಎದೆ ತುಂಬ ಇತ್ತು.

“ಫ್ಯಾನ್‌ಗೆ ಆರು ತಿಂಗಳಿಗೊಂದ್ಸಲ ಎಣ್ಣೆ ಬಿಡ್ಬೇಕು” ಎಂದೆ.

ಅವಳು ಒಂದು ಕ್ಷಣ ನೋಡಿದಳು. “ಸರಿ ಸ್ವಾಮಿಯವರೇ” ಎಂದು ಹೋದಳು.

ಮಾರನೆಯ ದಿನ ಭಾನುವಾರ. ಬಾಯಲ್ಲಿ ಬಾರದ ಮಾತು ಬೆರಳಿಗೆ ಬಂತು. ಬಹಳ ಜಾಣತನದಿಂದ ಯೋಚಿಸಿದ್ದೆ, ಅದೇ ನನ್ನ ದಡ್ಡತನ. ಪುಸ್ತಕಕ್ಕೆ ಹೋಗುವ ಮುಂಚೆ ಪ್ರತಿ ಸಾಲೂ ಸರತಿಯಲ್ಲಿ ಕಾಯುತ್ತದೆ. ಹೆಚ್ಚು ಫೀ ಕೊಟ್ಟವರು ಮೊದಲು ಒಳಗೆ. ಅತಿ ಕಡಿಮೆ ಕೊಟ್ಟರೆ ಎರಡು ವಾರ ಕಾದು ತಾನಾಗಿ ಉದುರಿಹೋಗುತ್ತದೆ. ನಾನು ಅತಿ ಕಡಿಮೆ ಇಟ್ಟೆ. ಅವಳ ನೋಡಿಗೇ ನೇರವಾಗಿ ಕಳಿಸಿದೆ. ಅವಳ ಪರದೆಯ ಮೇಲೆ ಕಾಣಲಿ, ಅವಳು ನಗಲಿ, ಆಮೇಲೆ ಉದುರಿಹೋಗಲಿ, ಯಾರಿಗೂ ಗೊತ್ತಾಗದಿರಲಿ.

‘ಯಳಂದೂರಿನ ಪದ್ಮಿನಿ, ನನ್ನ ಮದುವೆಯಾಗುತ್ತೀಯಾ?’

ಹಳೇ ಮಿತಿ ಇದ್ದಿದ್ದರೆ ಹಿಡಿಸುತ್ತಿರಲಿಲ್ಲ. ನನ್ನ ಸ್ವಂತ ನೋಡ್ ಅದನ್ನು ಕಸ ಎಂದು ಬಾಗಿಲಲ್ಲೇ ತಳ್ಳಿತು. ಅವಳದು ಸುಮ್ಮನೆ ತೆಗೆದುಕೊಂಡು ಮುಂದಕ್ಕೆ ದಾಟಿಸಿತು.

ಕೆಂಪಾಜಮ್ಮನ ಹತ್ತಿರ ಎರಡು ಮೆಣಸಿನಕಾಯಿ ಬಜ್ಜಿ ತಿಂದು ಬಂದೆ. ಅಷ್ಟೆ. ಇಪ್ಪತ್ತು ನಿಮಿಷ. ಆ ಭಾನುವಾರ ಲೋಕದಲ್ಲಿ ಯಾರಿಗೂ ಅವಸರವಿರಲಿಲ್ಲ, ಸರತಿಯೇ ಇರಲಿಲ್ಲ. ಖಾಲಿ ಪುಟ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ನನ್ನ ಪ್ರಶ್ನೆ ಪುಸ್ತಕದೊಳಗೆ ಸೇರಿಬಿಟ್ಟಿತ್ತು. ಅಲ್ಲಿ ಸೇರಿದ್ದನ್ನು ಇನ್ನು ಯಾರೂ ಅಳಿಸಲಾರರು. ದಾರಿಯಲ್ಲಿ ಸಿಕ್ಕರೆ ತಳ್ಳುವ ನನ್ನ ನೋಡ್ ಕೂಡ, ಪುಟಕ್ಕೆ ಸೇರಿ ಬಂದದ್ದನ್ನು ಬೇಡ ಅನ್ನುವ ಹಾಗಿಲ್ಲ. ಅಟ್ಟದ ಮೇಲೆ ನಾನೇ ಸಾಕಿದ ಯಂತ್ರದೊಳಗೆ ಅವಳ ಹೆಸರು ಬಂದು ಕುಳಿತಿತ್ತು.

ಮೂರು ದಿನಕ್ಕೆ ಗುಂಪಿನ ಮೂರ್ತಿ ಅದನ್ನು ಕಂಡುಹಿಡಿದ. ಅವನು ನಮ್ಮ ಪಾರ್ಟಿಯವನೇ. ಸ್ಕ್ರೀನ್‌ಶಾಟ್ ಹಾಕಿ, “ಬಾಗಿಲು ತೆರೆದಿಟ್ಟರೆ ಏನು ಬರುತ್ತೆ ನೋಡಿ, ಹೆಣ್ಣುಮಕ್ಕಳ ಹೆಸರು!” ಎಂದ. ಬರೆದವನು ನಾನೇ, ದಯವಿಟ್ಟು ಬಿಟ್ಟುಬಿಡಿ ಎಂದು ಕೈಮುಗಿದೆ. ಎದುರು ಪಾರ್ಟಿಗೆ ಹಬ್ಬ. “ಫಿಲ್ಟರ್ ಪಾರ್ಟಿಯವನೇ ಕಸ ಹಾಕಿದ!” ಎಂದು ಅವರೂ ಅದನ್ನೇ ಹಂಚಿದರು. ಒಂದು ವಾರದಲ್ಲಿ ಅದು ಯಾವುದೋ ಯೂಟ್ಯೂಬ್ ಚರ್ಚೆಗೆ, ಅಲ್ಲಿಂದ ಅವಳ ಕಾಲೇಜಿನ ಹುಡುಗರ ಸ್ಟೇಟಸ್ಸಿಗೆ ಹೋಯಿತು. ಎರಡು ಪಾರ್ಟಿಯವರಿಗೂ ಅವಳು ಒಂದು ಉದಾಹರಣೆ. ಮನುಷ್ಯಳು ಅನ್ನುವುದು ಯಾರಿಗೂ ನೆನಪಿರಲಿಲ್ಲ.

ನಾನು ಮಾಡಿದ ಇಪ್ಪತ್ತೆರಡು ಫೋನಿಗೆ ಅವಳು ಉತ್ತರ ಕೊಡಲಿಲ್ಲ.

ಬಂದವರು ಅವಳ ಅಪ್ಪ ಪುಟ್ಟಮಲ್ಲಪ್ಪ. ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಸ್ಟೂಲಿನ ಮೇಲೂ ಕಾಲು ಅಗಲಿಸಿಕೊಂಡು, ಓಡುವ ಬಸ್ಸಿನಲ್ಲಿ ಕೂತ ಹಾಗೇ ಕೂತರು.

“ನೀನೇ ಏನಪ್ಪಾ ಮಾದಸ್ವಾಮಿ? ನನ್ ಮಗಳ ಎಸ್ರ ಎಲ್ಲೋ ಬರ್ದಿದ್ದೀಯಂತೆ. ಅಳ್ಸು.”

“ಅಳ್ಸಕ್ಕಾಗಲ್ಲ ಸಾ.”

“ಯಾಕಾಗಲ್ಲ? ಗೋಡೆ ಮ್ಯಾಲೆ ಬರ್ದಿದ್ರೆ ಸುಣ್ಣ ಒಡಿಬೋದು. ಇದ್ಯಾವ ಸೀಮೆ ಗೋಡೆ?”

“ಒಂದು ಗೋಡೆ ಅಲ್ಲ ಸಾ. ಲೋಕದ ತುಂಬ ಇಪ್ಪತ್ತು ಸಾವಿರ ಗೋಡೆ ಅವೆ.”

ಅವರ ಕಣ್ಣು ಅಂಗಡಿಯ ಸುತ್ತ ತಿರುಗಿತು. “ನಿನ್ ಮಿಷನ್ನಾಗೂ ಅದಾ?”

“ಅದೆ ಸಾ.”

“ಅದ್ನಾದ್ರೂ ತೆಗಿ. ನನ್ ಕಣ್ಣೆದ್ರುಗೆ ತೆಗಿ.”

ಏಣಿ ಹತ್ತಿದೆ. ನಾಲ್ಕು ವರ್ಷದಿಂದ ಒಂದು ದಿನವೂ ಆರಿಸದ ಯಂತ್ರ. ವೈರ್ ಕಿತ್ತು, ಡಿಸ್ಕ್ ಬಿಚ್ಚಿ ತಂದು ಅವರ ಕೈಗೇ ಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಎಲ್ಲಿಯಾದರೂ ಮಗಳ ಹೆಸರು ಕಾಣುತ್ತದೇನೋ ಎಂಬಂತೆ.

“ಈಗ?”

“ಈಗ ಹತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಸಾ.”

ಬೈಯುತ್ತಾರೆ ಅಂದುಕೊಂಡೆ. ಅವರು ಡಿಸ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ಟಿಕೆಟ್ ತಕಂಡು ಅತ್ತಿರೋನ ನಡುದಾರೀಲಿ ಇಳ್ಸಂಗಿಲ್ಲ ಅಂತ ನಾನೇ ಅವ್ಳಿಗೆ ಚಿಕ್ಕುಡುಗೀಲಿ ಯೋಳ್ಕೊಟ್ಟಿದ್ದೆ ಕಣಪ್ಪ. ಈಗ್ಲೂ ಅದನ್ನೇ ಯೋಳ್ತಾಳೆ. ಯಾರೂ ತಡೀಬಾರ್ದಪ್ಪಾ ಅಂತಾಳೆ. ಅಂಗಂದ್ಬುಟ್ಟು ಒಳಿಕ್ಕೋಗಿ ಅಳ್ತಾಳೆ.” ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡರು. “ನೀನು ಕೆಟ್ಟೋನಂಗೆ ಕಾಣಾಕಿಲ್ಲ. ಅದೇ ನಂಗೆ ತಲೆಕೆಟ್ಟೋಗಿರೋದು. ಕೆಟ್ಟೋನಾಗಿದ್ರೆ ಎರಡು ಬುಟ್ಟು ಓಯ್ತಿದ್ದೆ.”

ನಾನು ಎರಡು ಏಟು ತಿನ್ನಲು ತಯಾರಿದ್ದೆ. ಅದೂ ಸಿಗಲಿಲ್ಲ.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಷಟರ್ ಎತ್ತುತ್ತಿದ್ದೆ, ಹಿಂದೆ ಅವಳ ದನಿ.

“ಹನೂರಲ್ಲಿ ಕೆಲಸ ಸಿಕ್ತು. ದಿನಾ ಇಲ್ಲೇ ಬಸ್ ಬದಲಾಯಿಸ್ಬೇಕು.”

ತಿರುಗಿದೆ. ಸ್ವಲ್ಪ ಬಡವಾಗಿದ್ದಳು. ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಯಳಂದೂರು ಕಾಲೇಜು?”

“ಮುಂದಿನ ವರ್ಷಕ್ಕೆ ಬೇಡ ಅಂದ್ರು. ಕಾರಣ ಹೇಳ್ಲಿಲ್ಲ. ಹುಡುಗ್ರು ಬೋರ್ಡ್ ಮೇಲೆ ನಿಮ್ಮ ಪ್ರಶ್ನೆ ಬರೆದಿಡ್ತಿದ್ರು ದಿನಾ. ಬೋರ್ಡಾದ್ರೆ ಒರೆಸ್ಬೋದು.”

“ನನ್ನಿಂದ...”

“ನಿಮ್ಮಿಂದನೇ. ಇನ್ಯಾರಿಂದ? ಎಲ್ಲೂ ಫೋಟೋ ಹಾಕ್ದೆ, ಹೆಸರು ಹಾಕ್ದೆ ಇದ್ದೋಳು ನಾನು. ಎಲ್ಲಿ ಹೋಗಿ ತೆಗೀರಿ ಅಂತ ಕೇಳ್ಲಿ? ತೆಗಿಯೋರು ಯಾರೂ ಇರ್ಬಾರ್ದು ಅಂತ ಗುಂಪಲ್ಲಿ ಗಂಟಲು ಹರ್ಕೊಂಡೋಳೂ ನಾನೇ. ಬಾಗಿಲು ಕಾಯೋನೇ ಒಳಗೆ ಬಿಟ್ಟ, ನನ್ನ ಮಿಷನ್ನೇ ಹೊತ್ಕೊಂಡು ಹೋಯ್ತು. ಯಾರನ್ನ ಬೈಯ್ಲಿ, ಹೇಳಿ?”

ಅವಳ ಕಣ್ಣಲ್ಲಿ ಕೋಪ ಇರುತ್ತದೆ ಎಂದು ನೋಡಿದೆ. ಇರಲಿಲ್ಲ. ದಣಿವಿತ್ತು, ಅದರ ಹಿಂದೆ ನನ್ನನ್ನು ನೋಡಿ ಬಹಳ ದಿನವಾದ ಹಸಿವಿತ್ತು.

“ಅವತ್ತು ಎಣ್ಣೆ ಬಿಡ್ಬೇಕು ಅಂದ್ರಲ್ಲ. ಅವತ್ತು ನಾನು ಉತ್ತರ ತಯಾರು ಮಾಡ್ಕೊಂಡೇ ಬಂದಿದ್ದೆ.”

“ಏನು ಉತ್ತರ?”

“ಈಗ ಹೇಳೋ ಹಂಗಿಲ್ಲ. ಹ್ಞೂಂ ಅಂದ್ರೆ, ಬರೆದು ಒಪ್ಪಿಸಿಬಿಟ್ಟ ಅಂತಾರೆ. ನಾಳೆ ಇನ್ನು ನಾಲ್ಕು ಹುಡುಗ್ರು ನಾಲ್ಕು ಹುಡುಗೀರ ಹೆಸರು ಬರೀತಾರೆ. ಇಲ್ಲ ಅಂದ್ರೆ...” ಅವಳು ಬೇರೆ ಕಡೆ ನೋಡಿದಳು. “ಇಲ್ಲ ಅನ್ನೋಕೆ ಬರಲ್ಲ ನಂಗೆ.”

ಆಗ ಕರೆಂಟ್ ಹೋಯಿತು. ಪಕ್ಕದ ಜೆರಾಕ್ಸ್ ಅಂಗಡಿಯ ಜನರೇಟರ್ ಬೀದಿಗೆ ಬೀದಿಯೇ ಅದುರುವಂತೆ ಕೂಗತೊಡಗಿತು. ಅವಳು ಒಂದು ಹೆಜ್ಜೆ ಹತ್ತಿರ ಬಂದಳು. ಸೋಪಿನ ವಾಸನೆ, ಮುಡಿದ ಮರುಗದ ವಾಸನೆ. ಬಾಯಿ ನನ್ನ ಕಿವಿಯ ಹತ್ತಿರ.

“ಈಗ ಕೇಳಿ. ಬೇಗ.”

ಕೇಳಿದೆ. ಏನೆಂದು ಕೇಳಿದೆನೋ, ನನಗೇ ಕೇಳಿಸಲಿಲ್ಲ.

“ಹ್ಞೂಂ” ಎಂದಳು. ಆ ಉಸಿರು ಬಿಸಿಯಾಗಿತ್ತು. “ಆದ್ರೆ ಯಾರಿಗೂ ಹೇಳ್ಬೇಡಿ. ಯಾರು ಕೇಳಿದ್ರೂ ನಾನು ಇಲ್ಲ ಅಂತೀನಿ, ಅಪ್ಪನ ಹತ್ರನೂ. ಜನ ಮರೀಲಿ.”

“ಎಷ್ಟು ದಿನ?”

“ನಂಗೇನ್ ಗೊತ್ತು?” ಅವಳ ದನಿ ಒಡೆಯಿತು. “ಅದು ಮರೆಯೋ ಪುಸ್ತಕ ಅಲ್ವಲ್ಲ.”

ಕರೆಂಟ್ ಬಂತು. ಜನರೇಟರ್ ನಿಂತಿತು. ಆ ಮೌನದಲ್ಲಿ ಇಡೀ ಸಾಲು ನಮ್ಮ ಕಡೆ ತಿರುಗಿತ್ತು. ಪದ್ಮಿನಿ ಎರಡು ಹೆಜ್ಜೆ ಹಿಂದೆ ಸರಿದು, ಎಲ್ಲರಿಗೂ ಕೇಳುವಂತೆ, “ಆಗಲ್ಲ ಅಂದ್ರೆ ಆಗಲ್ಲ ಕಣ್ರೀ. ಇನ್ನೊಂದ್ಸಲ ಕೇಳ್ಬೇಡಿ” ಎಂದಳು. ನೆಟ್ಟಗೆ ನಡೆದು ಹನೂರು ಬಸ್ ಹತ್ತಿದಳು. ಕಿಟಕಿಯ ಹತ್ತಿರ ಕೂತರೂ ನನ್ನ ಕಡೆ ತಿರುಗಲಿಲ್ಲ. ಕತ್ತು ಮಾತ್ರ ಕೆಂಪಾಗಿತ್ತು.

ಕೆಂಪಾಜಮ್ಮ ಟೀ ತಂದಳು, ಕೇಳದೆಯೇ. ನನ್ನ ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು.

“ಓಗ್ಲಿ ಬುಡು ಮಗ. ಆ ಎಣ್ಣಿಗೆ ನಿನ್ ಮ್ಯಾಲೆ ಮನ್ಸೇ ಇಲ್ಲ, ನಾನು ಮೊದ್ಲೇ ಕಂಡಿದ್ದೆ. ನಮ್ಮಣ್ಣನ ಮೊಮ್ಮಗಳು ಪವಿತ್ರ ಅಂತ ಒಬ್ಳವಳೆ, ಬಂಗಾರದಂತೋಳು. ನೋಡನ?”

ನಾನು ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ತುಂಬಿಬಂತು, ತಡೆಯಲಾಗಲಿಲ್ಲ.

“ಅತ್ಬುಡು, ಅತ್ಬುಡು” ಎಂದು ಕೆಂಪಾಜಮ್ಮ ಬೆನ್ನು ಸವರಿದಳು. ಅವಳಿಗೂ ಹೇಳುವಂತಿಲ್ಲವಲ್ಲ ಎಂದು ಇನ್ನಷ್ಟು ಅಳು ಬಂತು.